ಹರಿದ್ರೆಯ ಜಾಡಿನಲ್ಲಿ: ಚನ್ನಗಿರಿಯಿಂದ ಹರಿಹರಕ್ಕೆ

ದೊಡ್ಡ ಹೊಳೆಗಳ ಹೆಸರು ಎಲ್ಲರ ನಾಲಗೆಯ ಮೇಲೂ ಇರುವುದು. ಸ್ನಾನದ ಹೊತ್ತಿನಲ್ಲಿ ಗಂಗೆಯನ್ನೂ ಗೋದಾವರಿಯನ್ನೂ ತಂಬಿಗೆಯ ನೀರಿಗೆ ಕರೆಯುವ ನಾವು, ನಮ್ಮ ಗದ್ದೆಗೆ ನೀರು ತರುವ ಹಳ್ಳದ ಹೆಸರನ್ನು ಯಾರಾದರೂ ಕೇಳಿದರೆ ಮಾತ್ರ ತಡವರಿಸುವೆವು. ಹೀಗೆ ಮರೆವಿಗೆ ಸಂದ ಸಣ್ಣ ಹೊಳೆಗಳಲ್ಲಿ ಹರಿದ್ರೆಯೂ ಒಂದು. ಉಬ್ರಾಣಿಯ ಗುಡ್ಡಗಳ ಕಡೆಯಿಂದ ಇಳಿದು ಬರುವ ಈ ಹೊಳೆ ಚನ್ನಗಿರಿ ತಾಲ್ಲೂಕಿನಲ್ಲಿ ಎರಡು ಬೆಟ್ಟಗಳ ನಡುವೆ ತಡೆದು ನಿಂತು ಕಡಲಿನಂಥ ಕೆರೆಯಾಗಿ, ಅಲ್ಲಿಂದ ಮತ್ತೆ ಹಳ್ಳವಾಗಿ ಉತ್ತರಕ್ಕೆ ಸರಿದು, ಹರಿಹರದಲ್ಲಿ ತುಂಗಭದ್ರೆಯನ್ನು ಕೂಡಿಕೊಳ್ಳುವುದು. ಅದರ ಜಾಡನ್ನು ಹಿಡಿದು ಹೊರಟವರಿಗೆ ಒಂದೇ ಹಗಲಿನಲ್ಲಿ ಒಂದು ಕೋಟೆ, ಒಂದು ಮಹಾ ಕೆರೆ, ಒಂದು ಚೆಲುವಾದ ಹೊಂಡ, ಒಂದು ವ್ಯಾಪಾರದ ಪಟ್ಟಣ, ಒಂದು ಹೊಯ್ಸಳರ ಕಾಲದ ದೇವಾಲಯ, ಇಷ್ಟೂ ಕಾಣಸಿಗುವುವು. ದಾರಿಯಾದರೋ ಸುತ್ತು ಬಳಸೆಲ್ಲ ಸೇರಿ ನೂರು ಕಿಲೋಮೀಟರನ್ನು ಮೀರುವುದಿಲ್ಲ.

ಈ ಸೀಮೆಯ ಬಹುಭಾಗ ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರಲ್ಲಿ ಆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ ಶಿವಮೊಗ್ಗಕ್ಕೂ, ದಾವಣಗೆರೆ ಹರಿಹರಗಳು ಚಿತ್ರದುರ್ಗಕ್ಕೂ ಸೇರಿದ್ದುವು. ಹೊಳೆಗೆ ಜಿಲ್ಲೆಯ ಗಡಿ ತಿಳಿಯದಷ್ಟೆ. ನಾವು ಹೊರಟುದು ಮಾರ್ಗಶಿರ ಮಾಸದಲ್ಲಿ. ಮಳೆಗಾಲ ಕಳೆದು ಕೆರೆ ತುಂಬಿರುವಾಗ, ಬಿಸಿಲು ಇನ್ನೂ ಮೃದುವಾಗಿರುವಾಗ. ನಮ್ಮ ಗುಂಪು ಚಿಕ್ಕದು: ನಾನು, ನನ್ನ ಹೆಂಡತಿ, ಹನ್ನೆರಡು ವರ್ಷದ ಮಗಳು, ಮತ್ತು ನನ್ನ ದೊಡ್ಡಮ್ಮ. ದೊಡ್ಡಮ್ಮನಿಗೆ ಎಂಬತ್ತು ಸಮೀಪಿಸಿದೆ. ಹದಿನೇಳರಲ್ಲಿ ಆಕೆ ಸೊಸೆಯಾಗಿ ಬಂದುದು ಇದೇ ಕೆರೆಯ ಅಚ್ಚುಕಟ್ಟಿನ ಕೊನೆಯ ಹಳ್ಳಿಯೊಂದಕ್ಕೆ. ಅಲ್ಲಿ ಈಗ ಆಕೆಗೆ ಉಳಿದಿರುವುದು ಎರಡು ಎಕರೆ ಗದ್ದೆ ಮಾತ್ರ. ಕಾಲುವೆಯ ಕೊನೆಗೆ ನೀರು ಮುಟ್ಟುವುದು ಅಪರೂಪವಾಗಿ ಗದ್ದೆ ಎಷ್ಟೋ ವರ್ಷಗಳಿಂದ ಬೀಳು ಬಿದ್ದಿತ್ತು. ಕೊಳ್ಳುವವರೊಬ್ಬರು ಮುಂದೆ ಬಂದಿದ್ದರು. ಸೋಮವಾರ ಕ್ರಯಪತ್ರಕ್ಕೆ ಸಹಿ ಆಗಬೇಕಾಗಿತ್ತು. "ಸಹಿ ಹಾಕುವ ಮುನ್ನ ಒಮ್ಮೆ ಕೆರೆಯನ್ನು ನೋಡಬೇಕಪ್ಪಾ, ಅಲ್ಲಿಂದ ನೀರಿನ ಹಿಂದೆಯೇ ಹರಿಹರಕ್ಕೆ ಕರೆದುಕೊಂಡು ಹೋಗು" ಎಂದು ಆಕೆ ಕೇಳಿದುದೇ ಈ ಪ್ರಯಾಣಕ್ಕೆ ಕಾರಣವಾಯಿತು.

ಚನ್ನಗಿರಿ

ಚನ್ನಗಿರಿಯ ಬೆಟ್ಟ ಊರಿಗೆ ಬೆನ್ನೊರಗಿಸಿಕೊಂಡಂತೆ ಇದೆ. ಮೇಲೆ ಕೋಟೆ, ಕೋಟೆಯೊಳಗೆ ಬೆಟ್ಟದ ರಂಗನಾಥನ ಗುಡಿ. ಊರಿಗೆ ಈ ಹೆಸರು ಬಂದುದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಗಂಡ ಸೋಮಶೇಖರ ನಾಯಕನು ತೀರಿಕೊಂಡ ಮೇಲೆ, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಸುಮಾರು ಕಾಲು ಶತಮಾನದಷ್ಟು ದೀರ್ಘಕಾಲ ಆಕೆ ರಾಜ್ಯವಾಳಿದಳು. 1689ರಲ್ಲಿ ಶಿವಾಜಿಯ ಮಗ ರಾಜಾರಾಮನು ಔರಂಗಜೇಬನ ಸೈನ್ಯಕ್ಕೆ ತಪ್ಪಿಸಿಕೊಂಡು ಜಿಂಜಿಯ ಕಡೆಗೆ ಓಡಿ ಬರುವಾಗ, ದಿಲ್ಲಿಯ ಬಾದಶಹನ ಕೋಪಕ್ಕೆ ಅಂಜದೆ ಅವನಿಗೆ ತನ್ನ ಸೀಮೆಯಲ್ಲಿ ಆಶ್ರಯವನ್ನೂ ದಾರಿಯನ್ನೂ ಕೊಟ್ಟವಳು ಈಕೆ. ಶರಣು ಬಂದವನನ್ನು ಕೈಬಿಡಲಿಲ್ಲವೆಂಬ ಕೀರ್ತಿ ಇಂದಿಗೂ ಆಕೆಯದು.

ಕೋಟೆಯ ಬಾಗಿಲವರೆಗೆ ನಾನೂ ಮಗಳೂ ಹತ್ತಿ ಬಂದೆವು. ಮೇಲಿನಿಂದ ನೋಡಿದರೆ ಕೆಳಗಿನ ನೆಲವೆಲ್ಲ ಅಡಿಕೆಯ ತೋಟ. ನಡುನಡುವೆ ಕಲ್ಲುಗುಡ್ಡಗಳು ದಡ ಕಾಣದ ದ್ವೀಪಗಳಂತೆ ತಲೆಯೆತ್ತಿ ನಿಂತಿವೆ. ಚನ್ನಗಿರಿಯ ಕೆಂಪಡಿಕೆ ವ್ಯಾಪಾರಸ್ಥರ ಲೋಕದಲ್ಲಿ ಹೆಸರಾದುದು. ನಾವು ಹೋದ ದಿನಗಳು ಕೊಯ್ಲಿನವು. ಮನೆಮನೆಯ ಮುಂದೆ ಹಸಿ ಅಡಿಕೆಯ ರಾಶಿ, ಮೆಟ್ಟುಗತ್ತಿಯ ಮುಂದೆ ಸುಲಿಯುವ ಹೆಂಗಸರು, ಹಂಡೆಯಲ್ಲಿ ಕುದಿಯುವ ಚೊಗರು, ಅಂಗಳದ ತುಂಬ ಬಿಸಿಲಿಗೆ ಹರಡಿದ ಬೆಂದ ಹೋಳುಗಳು. ಆ ಒಗರು ವಾಸನೆ ಊರನ್ನು ದಾಟಿ ಎರಡು ಮೂರು ಕಿಲೋಮೀಟರು ನಮ್ಮ ಹಿಂದೆಯೇ ಬಂದಿತು.

ಕೆರೆ

ಚನ್ನಗಿರಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ಕೆರೆಯ ಸೀಮೆ. ತೋಟಗಳು ಸರಿದು, ರಸ್ತೆಯ ಒಂದು ಪಕ್ಕದಲ್ಲಿ ಮರಗಳ ಸಂದಿನಿಂದ ಮೊದಲು ಒಂದು ಬೆಳ್ಳಿಯ ಗೆರೆಯಂತೆ ನೀರು ಕಾಣುವುದು. ಮುಂದಿನ ತಿರುವಿನಲ್ಲಿ ಅದು ಅಗಲವಾಗುವುದು. ಅದರ ಮುಂದಿನ ತಿರುವಿನಲ್ಲಿ ಆಚೆಯ ದಡವೇ ಮಾಯವಾಗುವುದು. ಮಗಳು ಕಿಟಕಿಯಿಂದ ಕೈ ಚಾಚಿ "ಅಪ್ಪಾ, ಇದು ಸಮುದ್ರವೇ?" ಎಂದಳು. ತುಂಬಿದಾಗ ಈ ಕೆರೆಯ ನೀರು 6,550 ಎಕರೆ ನೆಲವನ್ನು ಮುಚ್ಚುವುದು. ಅದರೊಳಕ್ಕೆ ಮಳೆನೀರನ್ನು ಇಳಿಸುವ ಜಲಾನಯನ ಭೂಮಿ ಸುಮಾರು 330 ಚದರ ಕಿಲೋಮೀಟರು. ಸುತ್ತಳತೆ ಸುಮಾರು 30 ಕಿಲೋಮೀಟರು. ಹೀಗಿರುವಾಗ ಮಗುವಿನ ಪ್ರಶ್ನೆ ತಪ್ಪೆಂದು ಹೇಳುವಂತಿರಲಿಲ್ಲ.

ಇಷ್ಟು ನೀರನ್ನು ಹಿಡಿದು ನಿಲ್ಲಿಸಿರುವ ಏರಿಯನ್ನು ನೋಡಿದಾಗ ಆಶ್ಚರ್ಯ ಇಮ್ಮಡಿಯಾಗುವುದು. ಇಂಥ ಸಾಗರಕ್ಕೆ ಮೈಲಿಗಟ್ಟಲೆ ಉದ್ದದ ಕಟ್ಟೆ ಬೇಕಾದೀತೆಂದು ನಾವು ಊಹಿಸುವೆವಷ್ಟೆ. ಇಲ್ಲಿಯ ಏರಿ ಉದ್ದದಲ್ಲಿ ಅಂಥದೇನೂ ಅಲ್ಲ. ಅಗಲದಲ್ಲಿಯೂ ಎತ್ತರದಲ್ಲಿಯೂ ಮಾತ್ರ ಅದು ಬೆಟ್ಟದ ಒಡಹುಟ್ಟು. ಎರಡು ಗುಡ್ಡಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದು ಹೊಳೆಗೆ ಕಿರುದಾರಿ ಬಿಟ್ಟಿದ್ದುವು. ಕಟ್ಟಿದವರು ಆ ಬಾಗಿಲಿಗೆ ಕದವಿಟ್ಟರು. ಹಿಂದಿನ ಬಯಲೆಲ್ಲ ತಾನಾಗಿ ತುಂಬಿತು. ಯಂತ್ರವಿಲ್ಲದ ಕಾಲದಲ್ಲಿ, ನೆಲದ ಏರಿಳಿತವನ್ನು ಕಣ್ಣಳತೆಯಿಂದಲೇ ಓದಿ ಇಂಥ ಜಾಗವನ್ನು ಆರಿಸಿದ ಆ ಹಿರಿಯರ ಬುದ್ಧಿಗೆ ಕೈ ಮುಗಿಯಬೇಕು. ಏರಿಯಿಂದ ನೀರು ಬಿಡಲು ಎರಡು ತೂಬುಗಳುಂಟು. ಒಂದು ಸಿದ್ಧನ ತೂಬು, ಇನ್ನೊಂದು ಬಸವನ ತೂಬು. ಅವುಗಳಿಂದ ಹೊರಟ ಕಾಲುವೆಗಳಿಗೂ ಅದೇ ಹೆಸರು. ಕೆಳಗಿನ ಗದ್ದೆಗಳಿಗೆ ಉಣಿಸುವುದಲ್ಲದೆ, ದೂರದ ಚಿತ್ರದುರ್ಗದ ಪೇಟೆಯ ಮನೆಗಳಿಗೂ ಕುಡಿಯುವ ನೀರು ಕೊಳವೆಗಳ ಮೂಲಕ ಇಲ್ಲಿಂದ ಹೋಗಿದೆ.

ಏರಿಯ ಬಳಿಯ ಗುಡ್ಡದ ಮೇಲೆ ಸಿದ್ಧೇಶ್ವರನ ಗುಡಿ. ಮರದ ನೆರಳಿನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಕಡಲೆಕಾಯಿ ಚಟ್ನಿ, ಎಣ್ಣೆಗಾಯಿ, ಮೊಸರನ್ನ. ಕೆಳಗೆ ಬೆಸ್ತರ ತೆಪ್ಪವೊಂದು ಬಲೆಯನ್ನು ಎಳೆದುಕೊಂಡು ಮೆಲ್ಲನೆ ಸಾಗುತ್ತಿತ್ತು. ಬೆಳ್ಳಕ್ಕಿಗಳು ತೇಲಿದ ಮುಳ್ಳುಕೊಂಬೆಯ ಮೇಲೆ ಸಾಲಾಗಿ ಕುಳಿತಿದ್ದುವು. ಗಾಳಿ ನೀರಿನ ಮೇಲಿಂದ ಬಂದು ಎಲೆಗಳನ್ನು ಒಂದೊಂದಾಗಿ ಮಗುಚುತ್ತಿತ್ತು.

ಆಗ ಮಗಳು ಕೇಳಿದಳು: "ಅಪ್ಪಾ, ದಾರಿಯ ಫಲಕದಲ್ಲಿ ಶಾಂತಿಸಾಗರ ಎಂದು ಬರೆದಿತ್ತು. ದಾರಿ ಕೇಳಿದಾಗ ಆ ತಾತ ಬೇರೆ ಏನೋ ಹೇಳಿದರಲ್ಲ?"

ನನ್ನ ಹೆಂಡತಿ ಬುತ್ತಿಯ ಡಬ್ಬಿಯ ಮುಚ್ಚಳವನ್ನು ಸ್ವಲ್ಪ ಗಟ್ಟಿಯಾಗಿಯೇ ಮುಚ್ಚಿ, "ಶಾಂತಿಸಾಗರವೆಂದೇ ಅನ್ನಬೇಕು ಮಗು" ಎಂದಳು. ವಾಚಕರಲ್ಲಿ ಬಹಳ ಮಂದಿಗೆ ಆ ಇನ್ನೊಂದು ಹೆಸರು ಗೊತ್ತಿರುವುದು. ಈ ಕೆರೆಯನ್ನು ಜನ ತಲೆತಲಾಂತರದಿಂದ ಕರೆದು ಬಂದಿರುವುದು ಸೂಳೆಕೆರೆಯೆಂದು. ಮರ್ಯಾದಸ್ಥರ ಮನೆಗಳಲ್ಲಿ ಮಕ್ಕಳ ಮುಂದೆ ಆಡಲು ಹಿಂಜರಿಯುವ ಮಾತು ಇದೆಂಬುದನ್ನು ನಾನೂ ಬಲ್ಲೆ. ಅಷ್ಟರಲ್ಲಿ ದೊಡ್ಡಮ್ಮ, "ಅನ್ನಲಿ ಬಿಡೇ, ನೀರಿಗೆ ಮೈಲಿಗೆಯುಂಟೆ? ಇಲ್ಲಿ ಬಾ ಕೂಸೇ, ನಾನು ಹೇಳುತ್ತೇನೆ" ಎಂದು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

ಆಕೆ ಹೇಳಿದ ಕಥೆ ಈ ಸೀಮೆಯಲ್ಲೆಲ್ಲ ಹೇಳುವಂಥದೇ. ಈಗ ನೀರು ನಿಂತಿರುವ ಬಯಲಿನಲ್ಲಿ ಹಿಂದೆ ಸ್ವರ್ಗಾವತಿಯೆಂಬ ಪಟ್ಟಣವಿದ್ದಿತಂತೆ. ಅದರ ಅರಸ ವಿಕ್ರಮರಾಯ, ಅವನ ರಾಣಿ ನೂತನಾದೇವಿ. ಬಹುಕಾಲ ಮಕ್ಕಳಿಲ್ಲದ ಅವರ ಮಗಳಾಗಿ ಬೆಳೆದವಳು ಶಾಂತವ್ವೆ. ಪ್ರಾಯಕ್ಕೆ ಬಂದ ಶಾಂತವ್ವೆ ಬೆಟ್ಟದಲ್ಲಿ ಸಿದ್ಧೇಶ್ವರನ ಸಂಗ ಮಾಡಿದಳೆಂದು ತಂದೆ ಅವಳನ್ನು ಜರೆದನು. ತಂದೆಯ ಮನೆಯ ಬಾಗಿಲು ಮುಚ್ಚಿದ ಮೇಲೆ ಅವಳು, ತನ್ನ ಮೇಲಿನ ದೋಷ ಕಳೆಯಬೇಕಾದರೆ ಸಾವಿರ ಜನರ ಬಾಯಾರಿಕೆ ತೀರಿಸುವ ಕೆರೆಯನ್ನು ಕಟ್ಟಿಸಬೇಕೆಂದು ಸಂಕಲ್ಪ ಮಾಡಿದಳು. ಜಾಗವನ್ನೂ ಆರಿಸಿದರು. ಆದರೆ ಆ ನೆಲದಲ್ಲಿ ಸೂಳೆಯರ ಕೇರಿಯಿತ್ತು, ಭೂಮಿ ಅವರದು. ಅವರನ್ನು ಕೇಳಿದಾಗ ಅವರು ಹೊನ್ನು ಕೇಳಲಿಲ್ಲ. "ಕೆರೆಗೆ ನಮ್ಮ ಹೆಸರಿಡುವುದಾದರೆ ಭೂಮಿ ಕೊಡುತ್ತೇವೆ" ಎಂದರು. ಶಾಂತವ್ವೆ ಒಪ್ಪಿದಳು. ಅವರು ಮನೆ ಬಿಟ್ಟು ಎದ್ದರು, ಕೆರೆ ತುಂಬಿತು.

ಕಥೆಯನ್ನು ಮುಗಿಸಿ ದೊಡ್ಡಮ್ಮ ಹೀಗೆಂದಳು: "ನೋಡು ಕೂಸೇ, ನಮ್ಮ ಹೊಲಕ್ಕೆ ಪತ್ರವಿರುವಂತೆ ಈ ನೆಲಕ್ಕೂ ಒಂದು ಪತ್ರವಿದೆ. ಆ ಪತ್ರವೆಂದರೆ ಕೆರೆಯ ಹೆಸರೇ. ಬೆಲೆಯೆಂದು ಅವರು ಪಡೆದುದು ಅದೊಂದನ್ನೇ. ನೀರನ್ನು ನಾವು ಇಟ್ಟುಕೊಂಡು ಹೆಸರನ್ನು ಅಳಿಸಿದರೆ, ಕೊಂಡ ಭೂಮಿಯ ಬೆಲೆಯನ್ನು ವಾಪಸು ಕಸಿದುಕೊಂಡಂತೆ ಆಗುವುದಿಲ್ಲವೇ?"

ಮಗಳು ಕೊಂಚ ಹೊತ್ತು ಯೋಚಿಸಿ, "ಹಾಗಾದರೆ ಶಾಂತವ್ವೆಗೆ ಏನು ಸಿಕ್ಕಿತು ಅಜ್ಜಿ?" ಎಂದು ಕೇಳಿದಳು. ಇದಕ್ಕೆ ದೊಡ್ಡಮ್ಮ ಉತ್ತರ ಕೊಡಲಿಲ್ಲ. ನನ್ನ ಹೆಂಡತಿ ಕೆರೆಯ ಕಡೆಗೆ ನೋಡುತ್ತ, "ಅದಕ್ಕೇ ಇರಬೇಕು, ಈಗಿನವರು ಅವಳ ಹೆಸರಿಟ್ಟುದು" ಎಂದಳು. ಅವಳ ದನಿಯಲ್ಲಿ ಮೊದಲಿನ ಗಡುಸು ಇರಲಿಲ್ಲ.

ಈ ಕೆರೆ 11 ಅಥವಾ 12ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಹೇಳುವರು. ಕಥೆಯ ಅರಸನೂ ಪಟ್ಟಣವೂ ಜನರ ನೆನಪಿಗೆ ಸೇರಿದವು. ಆದರೆ ಕಥೆಯಲ್ಲಿ ಬರುವ ಆ ಹೆಂಗಸರ ಘನತೆ ಕೇವಲ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಈ ಮಾತು ಇಂದಿನಂತೆ ಬೈಗುಳಲ್ಲ. ದೇವಾಲಯದ ಸೇವೆಯಲ್ಲಿ, ಅರಸರ ಓಲಗದಲ್ಲಿ ಇದ್ದ ಹೆಂಗಸರನ್ನು ಶಾಸನಗಳು ಹೀಗೆಯೇ ಕರೆಯುವುವು. ಅವರು ಸ್ವಂತ ಆಸ್ತಿಯಿಂದ ಧರ್ಮಕಾರ್ಯ ಮಾಡಿದುದನ್ನು ಗೌರವದಿಂದಲೇ ಬರೆದಿಡುವುವು. 696ರಿಂದ 733ರವರೆಗೆ ಆಳಿದ ಬಾದಾಮಿಯ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆಯಾಗಿದ್ದ ವಿನಾಪೋಟಿಯೆಂಬ ಗಣಿಕೆ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟುದನ್ನು ಅಲ್ಲಿಯ ಶಾಸನ ಇಂದಿಗೂ ಸಾರುತ್ತಿದೆ. ಅಂಥ ಕಾಲದ ನಾಡಿನಲ್ಲಿ ಕೇರಿಯ ಹೆಂಗಸರು ತಮ್ಮ ನೆಲಕ್ಕೆ ಷರತ್ತು ಹಾಕಿದರೆಂಬುದು ನಂಬಲಾಗದ ಮಾತಲ್ಲ.

ಹೆಸರಿನ ಮಾತಿಗಿಂತ ಭಾರವಾದ ಮಾತು ಇನ್ನೊಂದುಂಟು. ಕೆರೆ ಎಂಬುದು ಒಮ್ಮೆ ಕಟ್ಟಿ ಬಿಟ್ಟುಬಿಡುವ ವಸ್ತುವಲ್ಲ. ಪ್ರತಿ ಮಳೆಯೂ ನೀರಿನೊಡನೆ ಗುಡ್ಡದ ಮಣ್ಣನ್ನು ಹೊತ್ತು ತರುವುದು. ಆ ಮಣ್ಣು ಅಂಗಳದಲ್ಲಿ ಕುಳಿತಷ್ಟು ನೀರಿಗೆ ಜಾಗ ಕಡಿಮೆ. ಹೂಳು ಮೇಲೆದ್ದ ಅಂಚು ಬೇಸಗೆಯಲ್ಲಿ ಒಣಗಿ ಹೊಲದಂತೆ ಕಾಣುವುದು. ಹೊಲದಂತೆ ಕಂಡುದನ್ನು ಯಾರೋ ಉಳುವರು. ಉತ್ತುದನ್ನು ಕೆಲವು ವರ್ಷಗಳಲ್ಲಿ ತಮ್ಮದೆನ್ನುವರು. ಆಮೇಲೆ ಕೆರೆ ತುಂಬಿದಾಗ "ಬೆಳೆ ಮುಳುಗಿತು" ಎಂಬ ಕೂಗೇಳುವುದು. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಶಾಸನಗಳಲ್ಲಿ ಕೆರೆ ಕಟ್ಟಿದವರಿಗೂ ಕಾಪಾಡುವವರಿಗೂ ಕೊಟ್ಟ ಕಟ್ಟುಕೊಡಗೆ, ಕೆರೆಯ ರಕ್ಷಣೆಗೆಂದು ಮೀಸಲಾದ ಬಿತ್ತುವಟ್ಟ ಇವುಗಳ ಉಲ್ಲೇಖ ಬರುವುದು ಇದಕ್ಕಾಗಿಯೇ. ನೀರು ಬಿಡುವುದಕ್ಕೆ ನೀರುಗಂಟಿಯಿದ್ದನು. ಬೇಸಗೆಯಲ್ಲಿ ರೈತರೇ ಬಂಡಿ ಕಟ್ಟಿ ಗೋಡುಮಣ್ಣನ್ನು ಹೊಲಕ್ಕೆ ಹೇರುತ್ತಿದ್ದರು. ಕೆರೆಯೂ ಆಳವಾಯಿತು, ಹೊಲಕ್ಕೂ ಗೊಬ್ಬರವಾಯಿತು. ಈ ಕೆರೆಯ ಗಡಿಯನ್ನು ಅಳೆದು ಕಲ್ಲು ನೆಡಬೇಕು, ಒತ್ತುವರಿಯನ್ನು ಬಿಡಿಸಬೇಕು, ಹೂಳೆತ್ತಬೇಕು ಎಂಬ ಬೇಡಿಕೆಯನ್ನು ಇಲ್ಲಿಯ ಜನ ವರ್ಷಗಳಿಂದ ಮುಂದಿಡುತ್ತ ಬಂದಿದ್ದಾರೆ. ನೀರು ಕಡಮೆಯಾದಾಗ ಮೊದಲು ಬತ್ತುವುದು ಕಾಲುವೆಯ ಕೊನೆ. ನನ್ನ ದೊಡ್ಡಮ್ಮನ ಎರಡು ಎಕರೆ ಇರುವುದು ಅಲ್ಲಿಯೇ.

ಏಳುವ ಮುನ್ನ ಆಕೆ ನೀರಿನ ಅಂಚಿಗೆ ಇಳಿದು ಕಾಲು ನೆನೆಸಿ ಬಂದಳು. "ಮದುವೆಯಾದ ವರ್ಷ ತೂಬು ಎತ್ತಿದ ಸುದ್ದಿ ಬಂದರೆ, ನೀರು ನಮ್ಮೂರಿಗೆ ಬರುವ ರಾತ್ರಿ ಯಾರೂ ಮಲಗುತ್ತಿರಲಿಲ್ಲ. ಕಂದೀಲು ಹಿಡಿದು ಗಂಡಸರು ಬದುವಿನ ಮೇಲೆ, ನಾವು ಹೊಸ್ತಿಲಲ್ಲಿ. ಕಾಲುವೆಯಲ್ಲಿ ಮೊದಲು ಒಣಗಿದ ಎಲೆ ತೇಲಿ ಬರುತ್ತಿತ್ತು, ಅದರ ಹಿಂದೆ ನೀರು" ಎಂದಳು. ಬರ ಬಿದ್ದ ವರ್ಷಗಳ ಮಾತನ್ನು ಆಕೆ ಎತ್ತಲಿಲ್ಲ. ಗಂಡ ಎತ್ತುಗಳನ್ನು ಮಾರಿ ದಾವಣಗೆರೆಯ ಗಿರಣಿಗೆ ಕೂಲಿಗೆ ಹೋದುದು ಆಗಲೇ.

ಸಂತೇಬೆನ್ನೂರು

ಕೆರೆಯ ಸೀಮೆಯಿಂದ ಸಂತೇಬೆನ್ನೂರಿಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ಇಲ್ಲಿಯ ಪುಷ್ಕರಣಿಯನ್ನು ಜನ ಹೊಂಡವೆನ್ನುವರು. ಮಹಾ ಕೆರೆಯನ್ನು ನೋಡಿದ ಕಣ್ಣಿಗೆ ಇದು ಬೊಗಸೆಯಷ್ಟು. ಆದರೆ ಆ ಬೊಗಸೆಯ ಅಂದವೇ ಬೇರೆ. ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲುಗಳು ಅಳತೆ ತಪ್ಪದೆ ಇಳಿಯುವುವು. ಅಂಚಿನಲ್ಲಿ ಚಿಕ್ಕ ಗೋಪುರಗಳಂಥ ಮಂಟಪಗಳು. ನಡುನೀರಿನಲ್ಲಿ ಅಂತಸ್ತಿನ ಮೇಲೆ ಅಂತಸ್ತಾಗಿ ಕಿರಿದಾಗುತ್ತ ಏರುವ ವಸಂತಮಂಟಪ. ಗಾಳಿಯಿಲ್ಲದ ಹೊತ್ತಿನಲ್ಲಿ ಮಂಟಪದ ಕೆಳಗೆ ಇನ್ನೊಂದು ಮಂಟಪ ತಲೆಕೆಳಗಾಗಿ ನಿಂತಿರುವುದು. ಕಮಾನುಗಳ ಬಾಗಿನಲ್ಲಿಯೂ ಗೋಪುರದ ಏರಿಕೆಯಲ್ಲಿಯೂ ಹಿಂದೂ ಶಿಲ್ಪಿಗಳ ಕೈ, ಬಿಜಾಪುರದ ಕಡೆಯ ಕೆಲಸಗಾರರ ಕೈ, ಎರಡೂ ಬೆರೆತಿವೆ.

ಈ ಊರು ಪಾಳೆಯಗಾರರ ವಂಶವೊಂದರ ನೆಲೆ. ಆ ವಂಶದ ಹನುಮಪ್ಪ ನಾಯಕನು ಹೊಂಡವನ್ನೂ ರಂಗನಾಥನ ಗುಡಿಯನ್ನೂ ಕಟ್ಟಿಸಿದನೆಂದು ಹೇಳುವರು. ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಸರದಾರ ರಣದುಲ್ಲಾ ಖಾನನು ದಂಡೆತ್ತಿ ಬಂದು ಊರನ್ನು ಹಿಡಿದನು, ಗುಡಿ ನಾಶವಾಯಿತು, ಹೊಂಡದ ಎದುರಿಗೆ ಈಗ ನಿಂತಿರುವ ಕಲ್ಲಿನ ದೊಡ್ಡ ಕಟ್ಟಡವಾದ ಮುಸಾಫಿರಖಾನೆ ಆ ಕಾಲದ್ದು. ಕಟ್ಟಿದವನೂ ಕೆಡವಿದವನೂ ಹೋದರು. ನಾವು ಹೋದಾಗ ಎರಡು ಮತದ ಮನೆಗಳ ಹುಡುಗರೂ ಒಂದೇ ಮೆಟ್ಟಿಲ ಸಾಲಿನಲ್ಲಿ ಕುಳಿತು, ಒಂದೇ ಪೊಟ್ಟಣದ ಮಂಡಕ್ಕಿಯನ್ನು ಮೀನುಗಳಿಗೆ ಎರಚುತ್ತಿದ್ದರು.

ಮೆಟ್ಟಿಲ ಮೇಲೆ ಕುಳಿತ ದೊಡ್ಡಮ್ಮ ಇದ್ದಕ್ಕಿದ್ದಂತೆ, "ಆ ಪತ್ರದಲ್ಲಿ ನಮ್ಮ ಗದ್ದೆಯ ಹೆಸರು ಇರುತ್ತದೆಯೇ?" ಎಂದು ಕೇಳಿದಳು.

"ಗದ್ದೆಗೇನು ಹೆಸರು ದೊಡ್ಡಮ್ಮ? ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಇಷ್ಟಿರುತ್ತವೆ" ಎಂದೆ.

"ಅವ್ವನ ಗದ್ದೆ" ಎಂದಳು ಆಕೆ. "ನನ್ನ ಅತ್ತೆಯವರು ತವರಿನ ಸರ ಮಾರಿ ಕೊಂಡದ್ದು ಅದು. ಮಾವನವರ ಹೆಸರಿಗೆ ಬರೆಸಿದರು, ಆದರೂ ಊರೆಲ್ಲ ಅವ್ವನ ಗದ್ದೆಯೆಂದೇ ಕರೆಯಿತು. ಕಾಗದದಲ್ಲಿ ಇಲ್ಲದಿದ್ದರೂ ಬಾಯಲ್ಲಿ ಇತ್ತು. ಇನ್ನು ಬಾಯಲ್ಲಿಯೂ ಇರುವುದಿಲ್ಲವೇನೋ."

ಇದಕ್ಕೆ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಮಗಳು ಉಳಿದ ಮಂಡಕ್ಕಿಯನ್ನು ಒಂದೇ ಸಲ ನೀರಿಗೆ ಸುರಿದಳು. ಮೀನುಗಳು ಮುತ್ತಿ ವಸಂತಮಂಟಪದ ನೆರಳು ಕಲಕಿಹೋಯಿತು.

ದಾವಣಗೆರೆ

ಸಂತೇಬೆನ್ನೂರಿನಿಂದ ಉತ್ತರಕ್ಕೆ ದಾರಿ ಬಯಲಿಗೆ ಇಳಿಯುವುದು. ಗುಡ್ಡಗಳು ಹಿಂದೆ ಸರಿದು ಆಕಾಶ ದೊಡ್ಡದಾಗುವುದು. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳು 20ನೆಯ ಶತಮಾನದ ನಡುವಿನ ದಶಕಗಳಲ್ಲಿ ಬಂದ ಮೇಲೆ, ಜೋಳ ಹತ್ತಿಗಳ ಈ ಕಪ್ಪು ನೆಲದ ಬಹುಭಾಗ ಭತ್ತದ ಗದ್ದೆಯಾಗಿದೆ. ಕೊಯ್ಲಾದ ಗದ್ದೆಗಳಲ್ಲಿ ಹುಲ್ಲಿನ ಬಣವೆಗಳು, ರಸ್ತೆಯಂಚಿನಲ್ಲಿ ಒಣಗಲು ಹರಡಿದ ಕಾಳು.

ದಾವಣಗೆರೆಯು ಒಂದು ಕಾಲದಲ್ಲಿ ಹತ್ತಿಯ ಗಿರಣಿಗಳ ಊರು. ಗಿರಣಿಯ ಸಿಳ್ಳು ಕೇಳಿ ಮನೆಗಳಲ್ಲಿ ಒಲೆ ಹೊತ್ತಿಸುತ್ತಿದ್ದರೆಂದು ದೊಡ್ಡಮ್ಮ ನೆನೆಸಿಕೊಂಡಳು. ಆ ಗಿರಣಿಗಳು ಒಂದೊಂದಾಗಿ ನಿಂತುಹೋದವು. ಈಗ ಹೊರಗಿನವರು ಈ ಊರನ್ನು ಅರಿಯುವುದು ಬೆಣ್ಣೆದೋಸೆಯಿಂದ. ಕಟ್ಟಿಗೆಯ ಉರಿಯ ಮೇಲಿನ ಕಾವಲಿಯಲ್ಲಿ ಹಿಟ್ಟನ್ನು ಹುಯ್ದು, ಮೇಲೆ ಬೆಣ್ಣೆಯನ್ನು ಧಾರಾಳವಾಗಿ ಹಾಕಿ ಬೇಯಿಸಿದ ಆ ದೋಸೆ ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ. ಜತೆಗೆ ಬಿಳಿಯ ಆಲೂಗಡ್ಡೆ ಪಲ್ಯ, ತೆಂಗಿನಕಾಯಿಯ ನೀರು ಚಟ್ನಿ. ಸಂಜೆಯಾದರೆ ಖಾರಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಂಡಕ್ಕಿ ಹುರಿಯುವ ಭಟ್ಟಿಗಳ ಕೇರಿಯೇ ಇಲ್ಲಿದೆ. ಮಕ್ಕಳೊಡನೆ ಹೋಗುವವರು ಇಲ್ಲಿ ನಿಲ್ಲದೆ ಮುಂದೆ ಹೋಗಲಾರರೆಂದು ಬೇರೆ ಹೇಳಬೇಕಾದುದಿಲ್ಲ.

ಹರಿಹರ

ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರು. ಇಲ್ಲಿಯ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಅದನ್ನು ಬೆಳೆಸಿದನು. ತೆರೆದ ಮುಖಮಂಟಪದಲ್ಲಿ ಕಡೆದು ನಯಮಾಡಿದ ಕಂಬಗಳು. ಬೇಲೂರು ಹಳೆಬೀಡುಗಳ ಕಿಕ್ಕಿರಿದ ಶಿಲ್ಪ ಇಲ್ಲಿಲ್ಲ. ಕಂಬಗಳ ಹೊಳಪಿನಲ್ಲಿ ಸಂಜೆಯ ಬೆಳಕು ಜಾರುವುದನ್ನು ನೋಡುತ್ತ ಕುಳಿತರೆ, ಅದರ ಸರಳತೆಯೇ ದೊಡ್ಡದೆನ್ನಿಸುವುದು. ಗರ್ಭಗೃಹದ ಮೂರ್ತಿ ಒಂದೇ ದೇಹದಲ್ಲಿ ಬಲಭಾಗ ಹರ, ಎಡಭಾಗ ಹರಿ. ಗುಹಾಸುರನೆಂಬವನು ಹರಿಯಿಂದಲೂ ಹರನಿಂದಲೂ ಸಾವು ಬಾರದಂತೆ ವರ ಪಡೆದು ಲೋಕವನ್ನು ಪೀಡಿಸಲು, ಇಬ್ಬರೂ ಒಂದಾಗಿ ಅವನನ್ನು ಕೊಂದರೆಂಬುದು ಸ್ಥಳಪುರಾಣ. ಅರ್ಚಕರು ಮಂಗಳಾರತಿ ಎತ್ತಿದಾಗ ಮಗಳು ಮೆಲ್ಲನೆ, "ಒಬ್ಬ ದೇವರಿಗೆ ಎರಡು ಹೆಸರು ಇರಬಹುದಾದರೆ ಕೆರೆಗೂ ಇರಬಹುದಲ್ಲವೇ?" ಎಂದು ತಾಯಿಯ ಕಿವಿಯಲ್ಲಿ ಹೇಳಿದುದು ನನಗೂ ಕೇಳಿಸಿತು. ನನ್ನ ಹೆಂಡತಿ ನಕ್ಕು ಅವಳ ತಲೆಯನ್ನು ಸವರಿದಳು.

ತುಂಗಭದ್ರೆ ಇಲ್ಲಿ ಅಗಲವಾದ ಹೊಳೆ. ಅದನ್ನು ಬಂದು ಸೇರುವ ಹರಿದ್ರೆಯಾದರೋ ಸಣ್ಣದು. ಮೇಲೆ ಅಷ್ಟು ಗದ್ದೆಗಳಿಗೆ, ಅಷ್ಟು ಮನೆಗಳಿಗೆ ಕೊಟ್ಟ ಮೇಲೆ ಉಳಿದುದನ್ನು ತರುವ ಬಡವರ ಮನೆಯ ಮಗಳಂತೆ ಸದ್ದಿಲ್ಲದೆ ಬಂದು ಕೂಡುವುದು. ಸೋಪಾನದ ಮೇಲೆ ನಿಂತು ದೊಡ್ಡಮ್ಮ ಬೊಗಸೆ ನೀರೆತ್ತಿ ಬಿಟ್ಟಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಕಡೆಗೆ ತಿರುಗಿ, "ಸೋಮವಾರ ಸಹಿ ಹಾಕುತ್ತೇನೆ. ಇಷ್ಟು ವಯಸ್ಸಿನಲ್ಲಿ ನಾನು ಉಳಲಾರೆ, ನೀನೂ ಉಳಲಾರೆ. ಆದರೆ ಸಹಿಗೆ ಮೊದಲು ಆ ಕೊಳ್ಳುವವರೊಡನೆ ನಾನು ಒಂದು ಮಾತು ಆಡಬೇಕು. ಅವರನ್ನು ಸ್ವಲ್ಪ ಮುಂಚಿತವಾಗಿ ಬರಹೇಳು" ಎಂದಳು. ಏನು ಮಾತೆಂದು ನಾನು ಕೇಳಲಿಲ್ಲ.

ಈ ದಾರಿಯಲ್ಲಿ ಹೋಗಬಯಸುವವರಿಗೆ ಎರಡು ಮಾತು. ಬೆಳಗ್ಗೆ ಆರು ಗಂಟೆಗೆ ಚನ್ನಗಿರಿಯಲ್ಲಿದ್ದರೆ ಬಿಸಿಲೇರುವ ಮುನ್ನ ಕೋಟೆಯನ್ನು ಹತ್ತಿ ಇಳಿಯಬಹುದು. ಹತ್ತು ಗಂಟೆಗೆ ಕೆರೆ, ಎರಡಕ್ಕೆ ಸಂತೇಬೆನ್ನೂರು, ನಾಲ್ಕಕ್ಕೆ ದಾವಣಗೆರೆ, ದೀಪ ಹಚ್ಚುವ ಹೊತ್ತಿಗೆ ಹರಿಹರ. ಬುತ್ತಿಯನ್ನೂ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುವುದು ಒಳ್ಳೆಯದು. ಉಂಡ ಎಲೆಯನ್ನೂ ಕಾಗದವನ್ನೂ ಕೆರೆಯ ದಡದಲ್ಲಿ ಬಿಡಬಾರದು. ಅದು ಹೋಗಿ ಸೇರುವುದು ಇನ್ನೊಬ್ಬರ ಮನೆಯ ಕೊಡದ ನೀರಿಗೆ. ಏರಿಯ ಬಳಿ ನೀರು ಆಳ, ಮಕ್ಕಳನ್ನು ಕೈಬಿಡಬಾರದು. ಅವರು ಕೆರೆಯ ಹೆಸರನ್ನು ಕೇಳಿದರೆ ಎರಡನ್ನೂ ಹೇಳಿ, ಕಥೆಯನ್ನೂ ಪೂರ್ತಿಯಾಗಿ ಹೇಳಬಹುದು. ಹನ್ನೆರಡು ವರ್ಷದವರಿಗೆ ಅದು ಅರ್ಥವಾಗುವುದು.